ಎಟಿಜಿ5 ಜೀನ್ ಕೈಕೊಟ್ಟರೆ ನರಕೋಶಕ್ಕೆ ಏನಾಗುತ್ತೆ? ಉಪವಾಸದಿಂದ ಪಾರ್ಕಿನ್ಸನ್ ವಾಸಿಯಾಗುತ್ತಾ?

ಎರಡನೇ ಪ್ರಶ್ನೆಗೆ ಮೊದಲೇ ಹೇಳಿಬಿಡ್ತೀನಿ: ಉಪವಾಸ ಮಾಡಿದರೆ ಪಾರ್ಕಿನ್ಸನ್ (ಕೈಕಾಲು ನಡುಗುವ ನರರೋಗ) ವಾಸಿಯಾಗುತ್ತೆ ಅನ್ನೋ ವಾಟ್ಸಾಪ್ ಮೆಸೇಜ್ ನಂಬಿಕೊಂಡು, ಆ ಕಾಯಿಲೆಗೆ ನಿಮ್ಮ ಅಮ್ಮ ತಗೊಳ್ತಿರೋ ಮಾತ್ರೆ ನಿಲ್ಲಿಸಬೇಡಿ. ಯಾಕೆ ಅನ್ನೋದು ಜೀನ್ ವಿಷಯ ತಿಳಿದರೆ ಅರ್ಥವಾಗುತ್ತೆ. ನಾನು ಕೆಲವು ವರ್ಷ ಲ್ಯಾಬಿನಲ್ಲಿ ಇದೇ ಕೆಲಸ ಮಾಡ್ತಿದ್ದೆ.

ಜೀವಕೋಶದೊಳಗೆ ಕೆಟ್ಟ ಪ್ರೋಟೀನು, ಸವೆದ ಮೈಟೋಕಾಂಡ್ರಿಯ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಇದ್ದೇ ಇರುತ್ತೆ. ಅವನ್ನು ಪೊರೆಯೊಂದು ಸುತ್ತಿಕೊಂಡು ಮೂಟೆ ಕಟ್ಟಿ, ಕಸ ಕರಗಿಸುವ ಚೀಲವಾದ ಲೈಸೋಸೋಮ್‌ಗೆ ಸಾಗಿಸುತ್ತೆ, ಅಲ್ಲಿ ಅವು ಕರಗುತ್ತವೆ. ಇದೇ ಆಟೋಫೇಜಿ. ಇದರ ಜೀನ್‌ಗಳನ್ನು ಯೀಸ್ಟಿನಲ್ಲಿ ಹುಡುಕಿ ತೆಗೆದ ಜಪಾನಿನ ಯೊಶಿನೊರಿ ಒಸುಮಿಗೆ 2016ರಲ್ಲಿ ನೊಬೆಲ್ ಬಂತು. ಎಟಿಜಿ5 ಅಂಥದ್ದೊಂದು ಜೀನ್; ಅದರಿಂದ ತಯಾರಾಗುವ ಅದೇ ಹೆಸರಿನ ಪ್ರೋಟೀನು ಮೂಟೆಯ ಪೊರೆ ಬೆಳೆಸುವವರಲ್ಲಿ ಒಂದು, ಆದರೆ ಒಂಟಿಯಾಗಿ ಕೆಲಸ ಮಾಡಲ್ಲ. ಎಟಿಜಿ12 ಎಂಬ ಇನ್ನೊಂದು ಪ್ರೋಟೀನು ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡಿರಬೇಕು. ಪ್ರೋಟೀನುಗಳನ್ನು ತೂಕದ ಪ್ರಕಾರ ಗೆರೆಗಳಾಗಿ ಬಿಡಿಸಿ ತೋರಿಸುವ ಪರೀಕ್ಷೆಗೆ ಬ್ಲಾಟ್ ಅಂತಾರೆ. ನನ್ನ ಮೊದಲ ಬ್ಲಾಟ್‌ನಲ್ಲಿ ಒಂಟಿ ಎಟಿಜಿ5ರ ತೂಕವಾದ 32 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಗೆರೆ ಹುಡುಕಿದೆ, ಖಾಲಿ. 55ರ ಬಳಿ ದಪ್ಪ ಗೆರೆ. ಎಟಿಜಿ5 ಗುರುತಿಸಲು ಹಾಕಿದ ಆಂಟಿಬಾಡಿ ಕೆಟ್ಟಿದೆ ಅಂದುಕೊಂಡು ಎರಡು ಸಲ ಮತ್ತೆ ಮಾಡಿದೆ. ಸೀನಿಯರ್ ಒಬ್ಬರು ನೋಡಿ ನಕ್ಕರು: ಅದೇ ಎಟಿಜಿ5-ಎಟಿಜಿ12 ಜೋಡಿ ಕಣಯ್ಯ, ಒಂಟಿ ಎಟಿಜಿ5 ಉಳಿಯೋದೇ ಕಮ್ಮಿ.

ಇನ್ನು ಇಲಿಗಳ ವಿಷಯ. ಮೈಯಲ್ಲೆಲ್ಲೂ ಎಟಿಜಿ5 ಇಲ್ಲದ ಮರಿಗಳು ಹುಟ್ಟಿದ ಒಂದು ದಿನದೊಳಗೆ ಸಾಯ್ತವೆ. ಹಾಗಾಗಿ ಜಪಾನಿನ ನೊಬೊರು ಮಿಝುಶಿಮಾ ತಂಡ ನರಕೋಶಗಳಲ್ಲಷ್ಟೇ ಅದನ್ನು ತೆಗೆದು, ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿತು. ಒಳ್ಳೇ ಇಲಿಯನ್ನು ಬಾಲ ಹಿಡಿದೆತ್ತಿದರೆ ಹಿಂಗಾಲು ಅಗಲಿಸುತ್ತೆ. ಇವು ಮುದುರಿ ಹೊಟ್ಟೆಗೆ ಅವುಚಿಕೊಂಡವು. ನಡಿಗೆ ತಪ್ಪಿತು, ನರಕೋಶಗಳಲ್ಲಿ ಪ್ರೋಟೀನ್ ಗಂಟು ಕಟ್ಟಿತು. ಆ ಇಲಿಗಳಲ್ಲಿ ರೋಗ ತರುವ ಕೆಟ್ಟ ಪ್ರೋಟೀನ್ ಯಾವುದನ್ನೂ ಹೊರಗಿನಿಂದ ಸೇರಿಸಿರಲಿಲ್ಲ. ದಿನನಿತ್ಯದ ಕಸ ತೆಗೆಯೋದು ನಿಂತಿದ್ದಷ್ಟೇ ಸಾಕಾಯ್ತು. ನನಗೆ ಇವತ್ತಿಗೂ ಅಚ್ಚರಿಯೆನಿಸೋದು ಇದೇ.

ಯಾಕೆ ನರಕೋಶಕ್ಕೇ ಇಷ್ಟು ಪೆಟ್ಟು? ಚರ್ಮದ ಕೋಶ ಒಡೆದು ಎರಡಾದರೆ ಕಸವೂ ಪಾಲಾಗುತ್ತೆ. ನರಕೋಶ ಒಡೆಯಲ್ಲ, ಜೀವಮಾನದ ಕಸ ಅದರ ಹತ್ತಿರವೇ. ಸಾಲದ್ದಕ್ಕೆ ಅದರ ತಂತು ಕೆಲವು ಕಡೆ ಒಂದು ಮೀಟರಿನಷ್ಟು ಉದ್ದ, ತುದಿಯಲ್ಲಿ ಕಟ್ಟಿದ ಮೂಟೆ ಅಷ್ಟೂ ದೂರ ವಾಪಸ್ ಬರಬೇಕು.

ಮನುಷ್ಯರಲ್ಲೂ ಕಂಡಿದೆ. 2016ರಲ್ಲಿ ವರದಿಯಾದ ಟರ್ಕಿಯ ಒಡಹುಟ್ಟಿದ ಇಬ್ಬರು ಮಕ್ಕಳಿಗೆ ಎಟಿಜಿ5ರಲ್ಲಿ ಒಂದೇ ಅಮೈನೋ ಆಮ್ಲ (ಪ್ರೋಟೀನ್ ಸರಪಳಿಯ ಒಂದು ಕೊಂಡಿ) ಬದಲಾಗಿತ್ತು. ನಡೆದರೆ ಓಲಾಟ, ಬೆಳವಣಿಗೆ ನಿಧಾನ. ಆದರೆ ಅದು ಪಾರ್ಕಿನ್ಸನ್ ಅಲ್ಲ. ಪಾರ್ಕಿನ್ಸನ್‌ಗೆ ಹತ್ತಿರದ ನಂಟಿರೋದು ಪಿಂಕ್1, ಪಾರ್ಕಿನ್ ಎಂಬ ಜೀನ್‌ಗಳಿಗೆ. ಸವೆದ ಮೈಟೋಕಾಂಡ್ರಿಯ ಗುರುತು ಹಾಕೋದು ಅವು. ಹೆಚ್ಚಿನ ರೋಗಿಗಳಲ್ಲಿ ಅವೂ ಸರಿಯಾಗೇ ಇರುತ್ತವೆ.

ಈಗ ಉಪವಾಸ. ಹಸಿದ ಇಲಿಯ ಯಕೃತ್ತಿನಲ್ಲಿ ಆಟೋಫೇಜಿ ಜೋರಾಗುತ್ತೆ, ನಿಜ. ಮಿದುಳಿನಲ್ಲಿ ಅಷ್ಟು ಸಲೀಸಾಗಿ ಕಾಣಲ್ಲ. ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಬಂದವರ ಮಿದುಳುಗಳಲ್ಲಂತೂ ಕಟ್ಟಿದ ಮೂಟೆಗಳೇ ಕರಗದೆ ರಾಶಿ ಬಿದ್ದಿರೋದು ಕಂಡಿದೆ. ಅಂಥ ಕಡೆ ಇನ್ನಷ್ಟು ಮೂಟೆ ಕಟ್ಟಿಸಿ ಏನು ಬಂತು?

ಅಮ್ಮ ಮೊದಲಿಂದಲೂ ಏಕಾದಶಿ ಮಾಡುವವರಾದರೆ ಅವರ ನರರೋಗ ವೈದ್ಯರನ್ನು ಒಂದು ಮಾತು ಕೇಳಿ. ಈ ಕಾಯಿಲೆಯಲ್ಲಿ ತೂಕ ಇಳಿಯೋದು, ಎದ್ದು ನಿಂತಾಗ ಬಿಪಿ ಬೀಳೋದು ಸಾಮಾನ್ಯ. ಮಾತ್ರೆಯ ಹೊತ್ತಂತೂ ತಪ್ಪಬಾರದು.