ಹನ್ನೊಂದೂವರೆಯ ನಡುಕ

39 ವರ್ಷದ ಪ್ರೌಢಶಾಲಾ ಶಿಕ್ಷಕಿ, ಇಬ್ಬರು ಮಕ್ಕಳ ತಾಯಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ನಾಲ್ಕು ವರ್ಷದ ಹಿಂದೆ ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಜಠರವನ್ನು ಚಿಕ್ಕದು ಮಾಡಿ ತೂಕ ಇಳಿಸುವ ಆಪರೇಷನ್, ಆಗಿತ್ತು. ಆಗ ತೂಕ 114 ಕೆ.ಜಿ., ಒಂದೂವರೆ ವರ್ಷಕ್ಕೆ 72, ಈಗ 81. ನಮ್ಮಲ್ಲಿಗೆ ಬಂದದ್ದು ಮಾತ್ರ ತೂಕಕ್ಕಲ್ಲ, ಗಾಬರಿಗೆ. ಪಾಠ ಮಾಡುತ್ತಿದ್ದಂತೆಯೇ ಎದೆ ಢವಢವ, ಬೆವರು, ಕೈನಡುಕ. ಇಸಿಜಿಯಲ್ಲಿ ಏನೂ ಸಿಗದೆ, "ಟೆನ್ಶನ್ ಬಿಡಿ" ಅನ್ನಿಸಿಕೊಂಡು ಬಂದಿದ್ದರು.

ಯಾವ ಹೊತ್ತಿಗೆ ಬರುತ್ತದೆ ಎಂದು ಕೇಳಿದ ಮೇಲೆ ಎಳೆ ಸಿಕ್ಕಿತು. ಶಾಲೆಯ ದಿನಗಳಲ್ಲಿ, ಹೆಚ್ಚುಕಡಿಮೆ ಹನ್ನೊಂದೂವರೆಗೆ. ಭಾನುವಾರ ಇಲ್ಲ. ಒಂಬತ್ತೂವರೆಗೆ ಸ್ಟಾಫ್ ರೂಮಿನಲ್ಲಿ ಸಿಹಿ ಚಹಾ, ಅದಕ್ಕೆ ಅದ್ದಿಕೊಂಡು ಐದಾರು ಬಿಸ್ಕತ್ತು. ತಿಂಡಿ ಅಂದರೆ ಅಷ್ಟೇ. ಬೈಪಾಸ್ ಆದವರಲ್ಲಿ ಉಳಿಯುವ ಜಠರದ ಚೀಲ ಸುಮಾರು 30 ಮಿ.ಲೀ. ಸಕ್ಕರೆ ನೇರ ಸಣ್ಣಕರುಳಿಗೆ ಇಳಿದು ರಕ್ತಕ್ಕೆ ನುಗ್ಗುತ್ತದೆ, ಇನ್ಸುಲಿನ್ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತದೆ, ಒಂದರಿಂದ ಮೂರು ಗಂಟೆಯೊಳಗೆ ಶುಗರ್ ಕುಸಿಯುತ್ತದೆ. ಸಾಮಾನ್ಯವಾಗಿ ಆಪರೇಷನ್ ಆಗಿ ವರ್ಷ ಕಳೆದ ಮೇಲೆ ಶುರುವಾಗುವುದರಿಂದ ಯಾರಿಗೂ ಆಪರೇಷನ್ ನೆನಪಾಗುವುದಿಲ್ಲ.

ನಡುಕ ಬಂದ ಕೂಡಲೇ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಲು ಹೇಳಿದೆವು. ಎರಡು ವಾರದಲ್ಲಿ ಮೂರು ಸಲ, ಮೂರೂ ತೀರಾ ಕಡಿಮೆ: 51, 48, 56. ಆ ಚೀಟಿಯೊಂದಿಗೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಕಳಿಸಿದೆವು. ಬೈಪಾಸ್ ಆದವರಿಗೆ ಗ್ಲೂಕೋಸ್ ನೀರು ಕುಡಿಸಿ ಮಾಡುವ ಪರೀಕ್ಷೆ ಸಲ್ಲದು, ಅದೇ ನಡುಕ ತರಿಸುತ್ತದೆ. ಲ್ಯಾಬಿನಲ್ಲಿ ಆಪರೇಷನ್ ವಿಷಯ ಮೊದಲೇ ಹೇಳಬೇಕು. ಡಯಟೀಶಿಯನ್ ತಿಂಡಿ ಬದಲಿಸಿದರು: ಸಕ್ಕರೆ ಹಾಕದ ಚಹಾ, ಮೊಟ್ಟೆ ಇಲ್ಲವೇ ಮೊಳಕೆ ಹೆಸರುಕಾಳಿನ ಉಸಲಿ, ಜೊತೆಗೆ ಒಂದೇ ಇಡ್ಲಿ. ತಿಂದ ಅರ್ಧ ಗಂಟೆ ನೀರು ಬೇಡ. ಶುಗರ್ ಕುಸಿದಾಗ ಮೂರು ಟೀ ಚಮಚ ಸಕ್ಕರೆ, ಹದಿನೈದು ನಿಮಿಷಕ್ಕೆ ಮತ್ತೊಮ್ಮೆ ಪರೀಕ್ಷೆ, ಸರಿಹೋದ ಮೇಲೆ ಒಂದು ಹಿಡಿ ಕಡಲೆಬೀಜ. ಅಲ್ಲಿಯವರೆಗೆ ಸ್ಕೂಟರ್ ಮುಟ್ಟುವಂತಿಲ್ಲ. ಸಕ್ಕರೆ ಡಬ್ಬಿ ಖಾಲಿ ಮಾಡಿದರೆ ಎರಡು ಗಂಟೆಯೊಳಗೆ ಮತ್ತೆ ಅದೇ ಕಥೆ.

ನಡುಕ ತಗ್ಗಿತು, ಬೇಸರ ತಗ್ಗಲಿಲ್ಲ. ಪಿಎಚ್‌ಕ್ಯೂ-9ರಲ್ಲಿ (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ, ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು) 17 ಅಂಕ. ಸಾವಿನ ಯೋಚನೆ ಬರುತ್ತದೆಯೇ ಎಂಬ ಒಂಬತ್ತನೆಯ ಪ್ರಶ್ನೆಗೆ "ಕೆಲವು ದಿನ" ಎಂದು ಗುರುತು ಹಾಕಿದ್ದರು. ಇಲ್ಲಿ ಸುತ್ತಿ ಬಳಸಿ ಕೇಳಬಾರದು. ಸಾಯಬೇಕು ಅನ್ನಿಸಿದೆಯಾ, ಹೇಗೆ ಎಂದು ಯೋಚಿಸಿದ್ದೀರಾ, ಮನೆಯಲ್ಲಿ ಏನಿದೆ ಎಂದೇ ಕೇಳಿದೆವು. ಯೋಜನೆ ಇರಲಿಲ್ಲ. ಆದರೂ ಮಾತ್ರೆಗಳನ್ನು ಅಕ್ಕನ ಕೈಗೆ ಕೊಡಿಸಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಫೋನಿನಲ್ಲಿ ಸೇವ್ ಮಾಡಿಸಿದೆವು. ಕೆನಡಾದ ಆಂಟೇರಿಯೊದಲ್ಲಿ ನಡೆದ ಅಧ್ಯಯನದಲ್ಲಿ ತಮಗೆ ತಾವೇ ಹಾನಿ ಮಾಡಿಕೊಂಡ ಪ್ರಸಂಗಗಳು ಆಪರೇಷನ್ ನಂತರ ಹೆಚ್ಚಿದ್ದವು, ಅದೂ ಎರಡು-ಮೂರನೆಯ ವರ್ಷಗಳಲ್ಲಿ. "ತೂಕ ಇಳೀತಲ್ಲ, ಇನ್ನೇನು ಚಿಂತೆ" ಎಂದು ಎಲ್ಲರೂ ಕೈತೊಳೆದುಕೊಳ್ಳುವುದೂ ಆ ಹೊತ್ತಿಗೇ. ಬೈಪಾಸ್ ಆದ ಮೇಲೆ ಮದ್ಯ ಬೇಗ, ಜೋರಾಗಿ ಏರುವುದರಿಂದ ಅದನ್ನೂ ಎಲ್ಲರಿಗೂ ಕೇಳುತ್ತೇವೆ, ಇವರಿಗೆ ಅಭ್ಯಾಸವಿರಲಿಲ್ಲ.

ಎರಡೂವರೆ ವರ್ಷದಿಂದ ಫಾಲೋಅಪ್‌ಗೆ ಹೋಗಿರಲಿಲ್ಲ. "ಯಾವ ಮುಖ ಇಟ್ಕೊಂಡು ಹೋಗ್ಲಿ ಮೇಡಂ, ಡಾಕ್ಟರ್ ಮಾಡಿದ್ದನ್ನ ನಾನೇ ಕೆಡಿಸ್ಕೊಂಡೆ." ಜೊತೆಗೆ ವಿಟಮಿನ್ ಮಾತ್ರೆಯೂ ನಿಂತಿತ್ತು. ಬಿ12 142, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) 8, ಎರಡೂ ಕಡಿಮೆ. ಸುಸ್ತು, ಮರೆವು, ಮಂಕುತನದಲ್ಲಿ ಇದರ ಪಾಲೂ ಇದೆ. ಬಿ12 ಇಂಜೆಕ್ಷನ್ ಶುರುವಾಯಿತು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರ. ಖಿನ್ನತೆಗೆ ಹಳೆಯ ಮಾತ್ರೆಯನ್ನೇ ನುಂಗುತ್ತಿದ್ದರು, ಅದು ನಿಧಾನವಾಗಿ ಬಿಡುಗಡೆಯಾಗುವ ಬಗೆಯದು. ಅಂಥವು ಬೈಪಾಸ್ ಆದ ಕರುಳಿನಲ್ಲಿ ಪೂರ್ತಿ ಹೀರದೆ ಹೋಗಬಹುದು. ಮನೋವೈದ್ಯರು ಸಾಮಾನ್ಯ ಮಾತ್ರೆಗೆ ಬದಲಿಸಿದರು. ಇದನ್ನು ಆಪರೇಷನ್ ಆದ ವಾರವೇ ನೋಡಬೇಕಿತ್ತು.

ಇನ್ನು ಆ ಒಂಬತ್ತು ಕಿಲೋ. ಅತಿ ಕಡಿಮೆಗೆ ಇಳಿದ ತೂಕ ಸ್ವಲ್ಪ ಮರಳುವುದು ಹೆಚ್ಚಿನವರಲ್ಲಿ ಆಗುವಂಥದ್ದೇ, ಇವರಿಗೆ ಯಾರೂ ಹೇಳಿರಲಿಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನದಲ್ಲಿ ತೂಕದ ಆಪರೇಷನ್ ಆದವರ ಜೀವನದ ಗುಣಮಟ್ಟ ಮೊದಲ ವರ್ಷ ಮೇಲೇರಿ, ಆರನೆಯ ವರ್ಷದವರೆಗೆ ಮೆಲ್ಲಗೆ ಇಳಿದು, ಆಮೇಲೆ ನಿಂತಿತು. ಹತ್ತನೆಯ ವರ್ಷದಲ್ಲಿ ಖಿನ್ನತೆ ಆಪರೇಷನ್ ಆದವರಲ್ಲಿ ಕಡಿಮೆಯೇ ಇತ್ತು. ಆತಂಕದಲ್ಲಿ ಮಾತ್ರ ಆಪರೇಷನ್ ಆಗದವರಿಗೂ ಆದವರಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಇದನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದಾಗ ಆಕೆ ನಾಲ್ಕನೆಯ ವರ್ಷದ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು.

ನಾಲ್ಕು ಕಾಲಮ್ಮಿನ ಪುಸ್ತಕ ಕೊಟ್ಟೆವು: ಹೊತ್ತು, ತಿಂದದ್ದು, ಹಸಿವು ಹತ್ತಕ್ಕೆ ಎಷ್ಟು, ಅದಕ್ಕೆ ಮುಂಚೆ ಏನಾಯಿತು. ಕ್ಯಾಲೊರಿ ಬೇಡ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಚಕ್ಕುಲಿ, ಮಿಕ್ಸ್ಚರ್. ಹಸಿವಿನ ಕಾಲಮ್ಮಿನಲ್ಲಿ ಸೊನ್ನೆ. ಒಂದೂವರೆ ರೊಟ್ಟಿಗೇ ಹೊಟ್ಟೆ ಬಿಗಿಯುತ್ತದೆ, ಕುರುಕಲು ಪುಡಿಯಾಗಿ ಜಾರಿಹೋಗುತ್ತದೆ, ಹೊಟ್ಟೆ ತುಂಬಿತು ಅನ್ನಿಸುವುದೇ ಇಲ್ಲ. ನಾಲ್ಕನೆಯ ಕಾಲಮ್ಮಿನಲ್ಲಿ ಹೆಚ್ಚು ಸಲ ಅತ್ತೆಯ ಒಂದೇ ಮಾತು: "ಅಷ್ಟು ದುಡ್ಡು ಸುರಿದು ಮತ್ತೆ ಊದ್ತಿದೀಯಲ್ಲ." ಚಕ್ಕುಲಿ ಡಬ್ಬಿಗೆ ಬೀಗ ಹಾಕಿಸುವುದಕ್ಕಿಂತ ಈ ಮಾತಿಗೆ ಉತ್ತರ ಕಲಿಸುವುದು ಮೇಲು. ಮೂರು ಸಲ ಜೋರಾಗಿ ಹೇಳಿಸಿದೆವು: "ಅತ್ತೆ, ತೂಕದ ವಿಷಯ ಡಾಕ್ಟರ್ ಹತ್ರ ಮಾತಾಡ್ತೀನಿ, ಊಟಕ್ಕೆ ಕೂತಾಗ ಬೇಡ." ಗಂಡನನ್ನು ಒಂದು ಭೇಟಿಗೆ ಕರೆಸಿ, ಊಟದ ಹೊತ್ತಿಗೆ ಮೊಬೈಲ್ ಕೆಳಗಿಡಲು ಹೇಳಿದೆವು.

ಹೊಟ್ಟೆ, ತೋಳಿನ ಜೋತುಬಿದ್ದ ಚರ್ಮ ವ್ಯಾಯಾಮದಿಂದ ಹೋಗುವುದಿಲ್ಲ. ಮಡಿಕೆಗಳನ್ನು ಒಣಗಿಸಿ ಇಟ್ಟುಕೊಳ್ಳಬೇಕು. ತೂಕ ಕೆಲವು ತಿಂಗಳು ಒಂದೇ ಕಡೆ ನಿಂತ ಮೇಲೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕೇಳಬಹುದು.

ಹದಿನಾಲ್ಕನೆಯ ವಾರ ಪಿಎಚ್‌ಕ್ಯೂ-9 ಎಂಟಕ್ಕೆ ಬಂತು, ಒಂಬತ್ತನೆಯ ಪ್ರಶ್ನೆಗೆ ಸೊನ್ನೆ. ತೂಕ 80.5. ಬೇರಿಯಾಟ್ರಿಕ್ (ತೂಕದ ಆಪರೇಷನ್ನಿನ) ಕ್ಲಿನಿಕ್ಕಿಗೆ ಅಕ್ಕನೊಂದಿಗೆ ಹೋಗಿ, ತೂಕದ ಯಂತ್ರದ ಮೇಲೆ ಕಣ್ಣು ಮುಚ್ಚದೆ ನಿಂತರಂತೆ.