ಅಮ್ಮನ ಎಂಆರ್‌ಐನಲ್ಲಿ ‘ಏಜ್ ರಿಲೇಟೆಡ್’ ಅಂತಿದೆ, ಸುಮ್ಮನಿರಬಹುದಾ?

ಅಮ್ಮನಿಗೆ 71 ವರ್ಷ, ಬಿಪಿ ಇದೆ. ಒಂದು ವರ್ಷದಿಂದ ಕೇಳಿದ್ದನ್ನೇ ಕೇಳುತ್ತಾರೆ, ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ. ಎಂಆರ್‌ಐ ರಿಪೋರ್ಟ್‌ನಲ್ಲಿ ‘ಏಜ್ ರಿಲೇಟೆಡ್ ಅಟ್ರೋಫಿ, ಫಜೆಕಾಸ್ 2, ಎಂಟಿಎ ಬಲ 2, ಎಡ 3’ ಎಂದಿದೆ. ‘ವಯಸ್ಸಾದ ಮೇಲೆ ಇದ್ದದ್ದೇ’ ಅನ್ನುತ್ತಾನೆ ಅಣ್ಣ. ಮುಂದಿನ ತಿಂಗಳು ಜಮೀನಿನ ಪತ್ರಕ್ಕೆ ಅಮ್ಮ ಸಹಿ ಹಾಕಬೇಕು. ಏನು ಮಾಡಲಿ?
— ಒಬ್ಬ ಮಗಳು, ಶಿವಮೊಗ್ಗ

ಅಟ್ರೋಫಿ ಎಂದರೆ ಮೆದುಳು ಕುಗ್ಗಿರುವುದು. ಅಣ್ಣ ಮೊದಲ ಎರಡು ಪದ ಓದಿ ನಿಲ್ಲಿಸಿದ್ದಾರೆ. ವಿಷಯ ಇರುವುದು ಕೊನೆಯ ಅಂಕಿಯಲ್ಲಿ.

ಹೊಸ ನೆನಪನ್ನು ಕೂಡಿಡುವ ಮೆದುಳಿನ ಭಾಗ ಹಿಪೊಕ್ಯಾಂಪಸ್ ಮತ್ತದರ ಆಸುಪಾಸು ಎಷ್ಟು ಸವೆದಿದೆ ಎಂದು ರೇಡಿಯಾಲಜಿಸ್ಟ್ ಕಣ್ಣಳತೆಯಲ್ಲಿ ಕೊಡುವ ಅಂಕವೇ ಎಂಟಿಎ. 0ಯಿಂದ 4ರವರೆಗೆ. ಹಿಪೊಕ್ಯಾಂಪಸ್ ಸಣ್ಣದಾದಷ್ಟೂ ಅದರ ಪಕ್ಕದ ಕಪ್ಪು ಸಂದು ಅಗಲವಾಗುತ್ತದೆ. 75 ದಾಟದವರಲ್ಲಿ 2 ಬಂದರೇ ಹೆಚ್ಚು ಎಂದು ಲೆಕ್ಕ. 71ಕ್ಕೆ 3 ಬಂದಿರುವಾಗ ‘ಏಜ್ ರಿಲೇಟೆಡ್’ ಅದಕ್ಕೆ ಹೊಂದುವುದಿಲ್ಲ. ರೂಢಿಯಲ್ಲಿ ಬಿದ್ದ ಪದವಿರಬಹುದು. ನ್ಯೂರಾಲಜಿಸ್ಟ್ ಬಳಿ ಇದನ್ನೇ ಕೇಳಿ. ರಿಪೋರ್ಟ್ ಹಾಳೆಯ ಜೊತೆ ಸಿಡಿಯನ್ನೂ ಒಯ್ಯಿರಿ, ಚಿತ್ರವನ್ನು ಅವರೇ ನೋಡಲಿ.

ಹಾಗಂತ 3 ಎಂದರೆ ಅಲ್ಜೈಮರ್ ಎಂದು ಮುದ್ರೆ ಒತ್ತಿದಂತಲ್ಲ. ಸ್ಕ್ಯಾನ್ ಚೆನ್ನಾಗಿದ್ದೂ ಕಾಯಿಲೆ ಇರುವವರಿದ್ದಾರೆ, ಮೆದುಳು ಕುಗ್ಗಿದ್ದರೂ ಮನೆ ನಡೆಸುವವರಿದ್ದಾರೆ. ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ, ಹೌದೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಕನ್ನಡದಲ್ಲೇ ನಡೆಸುವ ನೆನಪಿನ ಪರೀಕ್ಷೆ ಮತ್ತು ನಿತ್ಯದ ಕೆಲಸ ಎಷ್ಟು ಕೆಟ್ಟಿದೆ ಎಂಬುದರ ಮೇಲೆ. ಆ ಉಪ್ಪಿನ ವಿಷಯ ವೈದ್ಯರಿಗೆ ಬಹಳ ಮುಖ್ಯ. ತಾರೀಕು ಹಾಕಿ ಬರೆದಿಡಿ. ಬಿ12, ಥೈರಾಯ್ಡ್ ರಕ್ತಪರೀಕ್ಷೆ ಆಗಿರದಿದ್ದರೆ ಮಾಡಿಸಿ. ಅಮ್ಮ ನುಂಗುವ ಎಲ್ಲ ಮಾತ್ರೆ ಒಯ್ಯಿರಿ, ನಿದ್ದೆಯದು, ಅಲರ್ಜಿಯದು ಬಿಡದೆ. ಕೆಲವು ಮರೆವು ಹೆಚ್ಚಿಸುತ್ತವೆ. ಪೆಟ್ ಸ್ಕ್ಯಾನಿಗೆ ಈಗಲೇ ದುಡ್ಡು ಸುರಿಯಬೇಡಿ.

ಫಜೆಕಾಸ್ 2 ಎಂದರೆ ಸಣ್ಣ ರಕ್ತನಾಳಗಳ ಹಾನಿಯಿಂದಾದ ಬಿಳಿ ಚುಕ್ಕೆಗಳು ಒಂದಕ್ಕೊಂದು ಕೂಡತೊಡಗಿವೆ. 3ರಲ್ಲಿ ದೊಡ್ಡ ಮಚ್ಚೆಗಳೇ ಆಗುತ್ತವೆ. ಬಂದ ಚುಕ್ಕೆ ಅಳಿಸಲಾಗದು, ಆದರೆ ಬಿಪಿ ಹತೋಟಿಯಲ್ಲಿದ್ದರೆ ಹೆಚ್ಚುವ ವೇಗ ತಗ್ಗುತ್ತದೆ. ಇಡೀ ರಿಪೋರ್ಟ್‌ನಲ್ಲಿ ನಿಮ್ಮ ಕೈಗೆ ಸಿಗುವುದು ಇದೊಂದೇ. ತಲೆಬುರುಡೆಯೊಳಗೆ ರಕ್ತ ಕಟ್ಟಿದೆ, ನೀರು ತುಂಬಿದೆ, ಗಡ್ಡೆಯಿದೆ ಎಂಬ ಮಾತು ರಿಪೋರ್ಟ್‌ನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಅದೇ ಒಂದು ಸಮಾಧಾನ. ಸ್ಕ್ಯಾನ್ ಮಾಡಿಸುವುದೇ ಮುಖ್ಯವಾಗಿ ಅದಕ್ಕೆ.

ಇನ್ನು ಸಹಿ. ಅದಕ್ಕೆ ಸ್ಕ್ಯಾನ್ ಉತ್ತರ ಕೊಡುವುದಿಲ್ಲ. ಯಾವ ಜಮೀನು, ಯಾರಿಗೆ ಹೋಗುತ್ತದೆ, ತಮಗೆ ಏನು ಉಳಿಯುತ್ತದೆ ಎಂದು ಅಮ್ಮ ತಮ್ಮದೇ ಮಾತಿನಲ್ಲಿ ಹೇಳಬಲ್ಲರೇ? ವೈದ್ಯರು ಪರೀಕ್ಷಿಸಿ ಬರೆದುಕೊಡುವತನಕ ಪತ್ರ ಮುಂದಕ್ಕೆ ಹಾಕಿ.

ಅಣ್ಣನ ಎದುರು ರಿಪೋರ್ಟ್ ಹಿಡಿದು ವಾದ ಮಾಡಬೇಡಿ. ಒಂದು ವಾರ ಅಮ್ಮನ ಬಿಪಿ ಮಾತ್ರೆಯ ಉಸ್ತುವಾರಿ ಅಣ್ಣನಿಗೇ ಬಿಡಿ. ಅಮ್ಮ ‘ಆಗ್ಲೇ ತಗೊಂಡೆ ಕಣೋ’ ಅಂದ ಮೇಲೆ ಸ್ಟ್ರಿಪ್‌ನಲ್ಲಿ ಎಷ್ಟು ಉಳಿದಿವೆ ಎಂದು ಅವರೇ ಎಣಿಸಲಿ.