ಕೇಳಿ, ಹೇಳುತ್ತೇವೆ: ಅಮೆರಿಕಕ್ಕೆ ಹೊಸದಾಗಿ ಹೋದವರ ಪತ್ರಗಳು

ಅಮೆರಿಕದ ಅನುಭವ ಕುರಿತು ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಮುಂಬಯಿ, ಪುಣೆ, ಗೋವೆಗಳಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ನಾನು ಓಹಿಯೊ ರಾಜ್ಯದಲ್ಲಿ ಆರು ವರ್ಷ ಇದ್ದು ಬಂದು, ಆಮೇಲೆ ನಿವೃತ್ತಿಯವರೆಗೆ ಮುಂಬಯಿಯಲ್ಲಿ ಭೂಗೋಳ ಪಾಠ ಮಾಡಿದವಳು. ಆದ್ದರಿಂದ ಯಾವುದೇ ಪ್ರಶ್ನೆಗೆ ನನ್ನ ಉತ್ತರ ಮೊದಲು ನೆಲದ ಕಡೆಗೇ ತಿರುಗುತ್ತದೆ.

ಪ್ರಶ್ನೆ: ಮಗಳ ಮನೆಗೆಂದು ಕ್ಲೀವ್‌ಲ್ಯಾಂಡ್ ಹತ್ತಿರದ ಬಡಾವಣೆಗೆ ಬಂದು ಎರಡು ತಿಂಗಳಾಯಿತು. ಮೂವತ್ತನಾಲ್ಕು ವರ್ಷ ಡೊಂಬಿವಲಿಯಿಂದ ಮುಂಬಯಿಯ ಫೋರ್ಟಿಗೆ ಲೋಕಲ್ ರೈಲಿನಲ್ಲಿ ಓಡಾಡಿದ ನನಗೆ ಇಲ್ಲಿಯ ಖಾಲಿ ರಸ್ತೆ ಕಂಡರೆ ಎದೆ ಭಾರವಾಗುತ್ತದೆ. ಮಗಳು, ಅಳಿಯ ಬೆಳಿಗ್ಗೆ ಹೊರಟರೆ ಸಂಜೆಯವರೆಗೆ ನರಪಿಳ್ಳೆ ಕಾಣುವುದಿಲ್ಲ. ಅಪರೂಪಕ್ಕೆ ಎದುರಾದವರು ನಕ್ಕು ‘ಹೌ ಆರ್ ಯು’ ಎನ್ನುತ್ತಾರೆ; ಉತ್ತರ ಹೇಳಲು ನಾನು ನಿಂತರೆ ಅವರು ಆಗಲೇ ಹತ್ತು ಹೆಜ್ಜೆ ಮುಂದೆ ಹೋಗಿರುತ್ತಾರೆ. ಈ ನಗುವಿನಲ್ಲಿ ಪ್ರೀತಿ ಇದೆಯೇ, ಬರೀ ರೂಢಿಯೇ?
— ನಿವೃತ್ತ ಬ್ಯಾಂಕ್ ನೌಕರರು, ಡೊಂಬಿವಲಿ ಪೂರ್ವ

ಉತ್ತರ: ರಸ್ತೆ ಏಕೆ ಖಾಲಿ ಎಂಬುದಕ್ಕೆ ಉತ್ತರ ತಾವಿರುವ ಊರಿನ ಮಗ್ಗುಲಲ್ಲೇ ಇದೆ. ಕ್ಲೀವ್‌ಲ್ಯಾಂಡಿಗೆ ತಾಗಿ ಯೂಕ್ಲಿಡ್ ಎಂಬ ಊರಿದೆ. ವಾಸದ ಮನೆಗಳಿರುವ ಕಡೆ ಅಂಗಡಿ, ಕಾರ್ಖಾನೆ ಬರಕೂಡದೆಂದು ಆ ಊರಿನವರು ಮಾಡಿದ ನಿಯಮದ ಮೇಲೆ ವ್ಯಾಜ್ಯ ನಡೆದು, 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಊರಿನ ಪರವಾಗಿ ತೀರ್ಪು ಕೊಟ್ಟಿತು. ಮನೆಗೆ ಒಂದು ಕಡೆ, ಅಂಗಡಿಗೆ ಮತ್ತೊಂದು ಕಡೆ, ಕಚೇರಿಗೆ ಇನ್ನೊಂದು ಕಡೆ ಎಂದು ನೆಲವನ್ನು ಹಂಚುವ ಪದ್ಧತಿ ಆಮೇಲೆ ದೇಶದುದ್ದಕ್ಕೂ ಬೇರೂರಿತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅಂತರರಾಜ್ಯ ಹೆದ್ದಾರಿಗಳ ಕಾಯಿದೆಗೆ ಸಹಿ ಹಾಕಿದ ನಂತರ ಈ ಅಂತರಗಳು ಇನ್ನಷ್ಟು ಹಿಗ್ಗಿದವು. ಒಂದು ಡಬ್ಬಿ ಹಾಲಿಗೂ ಕಾರು ತೆಗೆಯಬೇಕಾಯಿತು. ಡೊಂಬಿವಲಿಯಲ್ಲಿ ತಮ್ಮ ಬಿಲ್ಡಿಂಗಿನ ಕೆಳಗೇ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಇಸ್ತ್ರಿಯವನು, ಹೂವಿನವಳು ಇರುವುದರಿಂದ ಜನ ದಿನಕ್ಕೆ ನಾಲ್ಕು ಬಾರಿ ಕೆಳಗಿಳಿಯುತ್ತಾರೆ. ತಮ್ಮ ಮಗಳ ಬಡಾವಣೆಯಲ್ಲಿಯೂ ಜನರಿದ್ದಾರೆ, ಆದರೆ ಅವರು ಕೆಳಗಿಳಿದು ಬರಲು ಕಾರಣವೇ ಇಲ್ಲ.

ದೇಶದ ವಿಸ್ತಾರವನ್ನೂ ಇದಕ್ಕೆ ಸೇರಿಸಿ ನೋಡಬೇಕು. ವಯೊಮಿಂಗ್ ರಾಜ್ಯ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 5.77 ಲಕ್ಷ ಜನ. 2011ರಲ್ಲೇ ತಮ್ಮ ಕಲ್ಯಾಣ-ಡೊಂಬಿವಲಿ ನಗರಪಾಲಿಕೆಯ ವ್ಯಾಪ್ತಿಯಲ್ಲಿ 12 ಲಕ್ಷಕ್ಕೂ ಮೀರಿ ಜನರಿದ್ದರು. ಓಹಿಯೊ ಅಷ್ಟು ವಿರಳವಾದ ರಾಜ್ಯವಲ್ಲ, ಆದರೂ ಮನುಷ್ಯ ಮನುಷ್ಯರ ನಡುವೆ ಜಾಗ ಬಿಡುವ ಅಭ್ಯಾಸ ಆ ದೇಶಕ್ಕೆಲ್ಲ ಒಂದೇ.

ಇನ್ನು ಆ ನಗು. ನಮ್ಮ ಊರುಗಳಲ್ಲಿ ‘ಊಟ ಆಯ್ತಾ?’ ಎಂದು ಕೇಳುವವರು ಸಾರು ಯಾವುದು, ಪಲ್ಯ ಯಾವುದು ಎಂಬ ವಿವರಕ್ಕೆ ಕಾಯುವುದಿಲ್ಲ; ಹಾಗೆಂದು ಅದು ಪೊಳ್ಳು ಮಾತೂ ಅಲ್ಲ. ‘ನೀನು ನನ್ನ ಕಣ್ಣಿಗೆ ಬಿದ್ದಿದ್ದೀಯೆ, ನಿನ್ನ ಮೇಲೆ ನನಗೆ ಮುನಿಸಿಲ್ಲ’ ಎಂದು ಅದರ ಅರ್ಥ. ‘ಹೌ ಆರ್ ಯು’ ಸಹ ಅಷ್ಟೇ. ‘ಚೆನ್ನಾಗಿದ್ದೇನೆ, ನೀವು?’ ಎಂದು ನಡೆಯುತ್ತಲೇ ಹೇಳಿದರೆ ಸಾಕು. ಅದನ್ನು ಪ್ರೀತಿಯೆಂದು ಕರೆದರೆ ಹೆಚ್ಚಾದೀತು, ನಟನೆಯೆಂದರೆ ಅನ್ಯಾಯವಾದೀತು. ಅಪರಿಚಿತರ ನಡುವಿನ ಮರ್ಯಾದೆ ಎನ್ನುವುದೇ ಸರಿ. ಆ ಮರ್ಯಾದೆಯನ್ನು ಕಣ್ಣಾರೆ ನೋಡಬೇಕಿದ್ದರೆ, ಸಿಗ್ನಲ್ ಇಲ್ಲದ ಯಾವುದಾದರೂ ನಾಲ್ಕು ದಾರಿ ಕೂಡುವ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿ. ಅಂಥ ಅನೇಕ ಕಡೆ ನಾಲ್ಕೂ ದಾರಿಗೆ ‘ನಿಲ್ಲಿ’ ಎನ್ನುವ ಎಂಟು ಮೂಲೆಯ ಕೆಂಪು ಫಲಕವಿರುತ್ತದೆ. ಬಂದ ಕಾರು ಚಕ್ರ ಪೂರ್ತಿ ನಿಲ್ಲುವವರೆಗೆ ನಿಲ್ಲುತ್ತದೆ. ಮೊದಲು ಬಂದವರು ಮೊದಲು, ಆಮೇಲೆ ಎರಡನೆಯವರು. ಇಬ್ಬರು ಒಟ್ಟಿಗೆ ಬಂದರೆ ಒಬ್ಬರು ಸ್ಟಿಯರಿಂಗಿನ ಮೇಲಿನ ಕೈಯ ನಾಲ್ಕು ಬೆರಳು ಎತ್ತಿ ‘ನೀವು ಹೋಗಿ’ ಎಂದು ಸನ್ನೆ ಮಾಡುತ್ತಾರೆ. ಪೊಲೀಸನಿಲ್ಲ, ಹಾರ್ನ್ ಇಲ್ಲ. ನಡು ಮಧ್ಯಾಹ್ನ, ಸುತ್ತ ಒಂದು ಕಾರೂ ಇಲ್ಲದಿರುವಾಗಲೂ ಒಬ್ಬ ವೃದ್ಧೆ ಹೀಗೆ ಪೂರ್ತಿ ನಿಂತು, ಎಡಬಲ ನೋಡಿ ಮುಂದೆ ಹೋದದ್ದನ್ನು ಕಂಡ ದಿನ ನಾನು ಆ ದೇಶವನ್ನು ಸ್ವಲ್ಪ ಅರ್ಥಮಾಡಿಕೊಂಡೆ ಎನ್ನಿಸಿತು.

ನಮ್ಮ ಮೊದಲ ಚಳಿಗಾಲದಲ್ಲಿ ಒಂದು ಬೆಳಗಿನ ಜಾವ ಕತ್ತಲಲ್ಲಿ ಹೊರಗೆ ಸಲಿಕೆ ಕೆರೆಯುವ ಸದ್ದು ಕೇಳಿ ಹೆದರಿ ಕಿಟಕಿಯಲ್ಲಿ ನೋಡಿದರೆ, ಪಕ್ಕದ ಮನೆಯ ಮುದುಕರು ನಮ್ಮ ಮೆಟ್ಟಿಲ ಮೇಲಿನ ಹಿಮ ತೆಗೆಯುತ್ತಿದ್ದರು. ನಾಲ್ಕು ತಿಂಗಳಲ್ಲಿ ನಾವು ಅವರ ಹೆಸರನ್ನೂ ಕೇಳಿರಲಿಲ್ಲ. ಬಾಗಿಲು ತೆರೆದು ಚಹಾಕ್ಕೆ ಕರೆದೆ. ಕೈ ಬೀಸಿ ಹೊರಟುಹೋದರು. ಕರೆಯದೆ ಮನೆಯೊಳಗೆ ಬರುವುದಿಲ್ಲ, ಕರೆದರೂ ಅವಸರಪಡುವುದಿಲ್ಲ, ಆದರೆ ನಾವು ಜಾರಿ ಬೀಳಬಾರದೆಂದು ಕತ್ತಲಲ್ಲಿ ಎದ್ದು ಬರುತ್ತಾರೆ.

ತಮಗೆ ನನ್ನದೊಂದು ವಿನಂತಿ. ಶನಿವಾರ ಮಗಳಿಗೆ ಹೇಳಿ ಕ್ಲೀವ್‌ಲ್ಯಾಂಡಿಗೂ ಆಕ್ರನ್ನಿಗೂ ನಡುವೆ ಇರುವ ಕಾಯಹೋಗಾ ಕಣಿವೆಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಪ್ರವೇಶ ಶುಲ್ಕವಿಲ್ಲ. ಹಿಂದೆ ಕಾಲುವೆಯ ದೋಣಿಗಳನ್ನು ಹೇಸರಗತ್ತೆಗಳು ದಡದ ಮೇಲೆ ನಡೆದು ಎಳೆಯುತ್ತಿದ್ದ ದಾರಿ ಈಗ ಸಮತಟ್ಟಾದ ಕಾಲುದಾರಿಯಾಗಿದೆ. ತಾವು ಹುಡುಕುತ್ತಿರುವ ಜನರೆಲ್ಲ ಅಲ್ಲಿ ಸಿಗುತ್ತಾರೆ, ನಡೆಯುತ್ತಾ, ಸೈಕಲ್ ತುಳಿಯುತ್ತಾ. ಪಕ್ಕದಲ್ಲಿ ಹರಿಯುವ ಆ ನದಿಗೆ 1969ರಲ್ಲಿ ಬೆಂಕಿ ಹತ್ತಿತ್ತು. ನೀರಿನ ಮೇಲೆ ಅಷ್ಟು ಎಣ್ಣೆ, ಕಸ ತೇಲುತ್ತಿತ್ತು. ಆ ನಾಚಿಕೆಯೂ ಸೇರಿ 1972ರ ಶುದ್ಧ ನೀರಿನ ಕಾಯಿದೆಗೆ ದಾರಿಯಾಯಿತು. ಇಂದು ಅದರ ದಂಡೆಯ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮುಂಬಯಿಯ ಮೀಠಿ ನದಿಯನ್ನು ಲೋಕಲಿನ ಕಿಟಕಿಯಿಂದ ಮೂಗು ಮುಚ್ಚಿಕೊಂಡು ದಾಟುವ ನಾವು ಈ ಕತೆಯನ್ನು ಅಲ್ಲಿಯೇ ನಿಂತು ಕೇಳಬೇಕು.

ಪ್ರಶ್ನೆ: ಲಾಸ್ ವೇಗಸ್‌ನಲ್ಲಿರುವ ಮೈದುನನ ಮನೆಗೆ ಅತ್ತೆಯವರನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಗ್ರ್ಯಾಂಡ್ ಕ್ಯಾನಿಯನ್ನಿಗೆ ಒಂದು ದಿನ ಸಾಕೇ? ಅಲ್ಲಿ ನಮ್ಮ ದೇವರ ಹೆಸರಿನ ಶಿಖರಗಳಿವೆ ಎನ್ನುತ್ತಾರೆ, ನಿಜವೇ?
— ಗೃಹಿಣಿ, ಕೋಥ್ರೂಡ್, ಪುಣೆ

ಉತ್ತರ: ನಿಜ. ಸುಮಾರು 1880ರ ಹೊತ್ತಿಗೆ ಆ ಪ್ರದೇಶವನ್ನು ಅಳೆದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಅವರಿಗೆ, ಕಮರಿಯೊಳಗಿಂದ ಎದ್ದು ನಿಂತ ಪದರ ಪದರದ ಬೆಟ್ಟಗಳು ಪೂರ್ವ ದೇಶಗಳ ದೇವಾಲಯಗಳಂತೆ ಕಂಡವು. ಹಾಗಾಗಿ ಅಲ್ಲಿ ವಿಷ್ಣು ದೇವಾಲಯ, ಶಿವ ದೇವಾಲಯ, ಬ್ರಹ್ಮ ದೇವಾಲಯ ಎಂಬ ಹೆಸರಿನ ಶಿಖರಗಳಿವೆ. ಕಟ್ಟಿದ ಗುಡಿ ಯಾವುದೂ ಇಲ್ಲ ಎಂದು ಅತ್ತೆಯವರಿಗೆ ಮೊದಲೇ ತಿಳಿಸಿ. ಕಮರಿಯ ತಳದಲ್ಲಿರುವ ಕಪ್ಪು ಶಿಲೆಗೂ ವಿಷ್ಣು ಶಿಸ್ಟ್ ಎಂದೇ ಹೆಸರು. ಅದರ ವಯಸ್ಸು ಸುಮಾರು 170 ಕೋಟಿ ವರ್ಷ. ನೀವು ನಿಲ್ಲುವ ಮೇಲಂಚಿನ ಸುಣ್ಣಕಲ್ಲಿಗೆ 27 ಕೋಟಿ ವರ್ಷ. ನಡುವಿನ 1.6 ಕಿಲೋಮೀಟರ್ ಆಳದಲ್ಲಿ ಎಲ್ಲ ಕಾಲವೂ ಇಲ್ಲ: ಅನೇಕ ಕಡೆ ಆ ಕಪ್ಪು ಶಿಲೆಯ ಮೇಲೆ ನೇರವಾಗಿ ಸುಮಾರು 50 ಕೋಟಿ ವರ್ಷದ ಮರಳುಗಲ್ಲು ಕುಳಿತಿದೆ, ನಡುವಿನ ನೂರು ಕೋಟಿಗೂ ಹೆಚ್ಚು ವರ್ಷಗಳ ಪದರಗಳು ಸವೆದು ಹೋಗಿವೆ, ಪುಸ್ತಕದಿಂದ ಹಾಳೆ ಕಿತ್ತಂತೆ. ಇಷ್ಟನ್ನು ಕೊರೆದದ್ದು ಕೊಲೊರಾಡೊ ನದಿ, ಅದೂ ಕಳೆದ 50-60 ಲಕ್ಷ ವರ್ಷಗಳಲ್ಲಿ.

ಪುಣೆಯವರಾದ ನಿಮಗೆ ಇನ್ನೊಂದು ಮಾತು ಹೇಳದಿರಲಾರೆ. ಸಿಂಹಗಡ ಹತ್ತುವಾಗ ಕಾಣುವ ಮೆಟ್ಟಿಲು ಮೆಟ್ಟಿಲಾದ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಗ್ರ್ಯಾಂಡ್ ಕ್ಯಾನಿಯನ್ನಿನ ಲೆಕ್ಕದಲ್ಲಿ ಅದು ಎಳೆಯದು. ಆದರೆ ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು. ವಿಷ್ಣು ಶಿಸ್ಟನ್ನು ಮುಟ್ಟಲು ಅಲ್ಲಿ ಕಮರಿಯ ತಳಕ್ಕೆ ಇಳಿಯಬೇಕು. ಅದಕ್ಕಿಂತ ಎಷ್ಟೋ ಹಳೆಯ ಕಲ್ಲಿನ ಮೇಲೆ ನಾವು ಕಡಲೆಕಾಯಿ ತಿನ್ನುತ್ತಾ ಕೂತಿರುತ್ತೇವೆ.

ಒಂದು ದಿನ ಸಾಲದು. ಲಾಸ್ ವೇಗಸ್‌ನಿಂದ ದಕ್ಷಿಣ ಅಂಚಿಗೆ ಸುಮಾರು 450 ಕಿಲೋಮೀಟರ್. ಹತ್ತಿರವೆಂದು ಅನೇಕರು ಗಾಜಿನ ಸೇತುವೆಯಿರುವ ಪಶ್ಚಿಮ ಭಾಗಕ್ಕೆ ಹೋಗಿ ಬರುತ್ತಾರೆ. ಅದು ಹುವಾಲಪೈ ಬುಡಕಟ್ಟಿನವರ ಜಾಗ, ರಾಷ್ಟ್ರೀಯ ಉದ್ಯಾನವಲ್ಲ, ಅದರ ಟಿಕೆಟ್ಟೂ ಬೇರೆ. ಡಟನ್ ಕಂಡ ವೈಭವ ಬೇಕಿದ್ದರೆ ದಕ್ಷಿಣ ಅಂಚಿಗೇ ಹೋಗಿ, ಒಂದು ರಾತ್ರಿ ಉಳಿಯಿರಿ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಅಂಚಿಗೆ ಬನ್ನಿ. ಮೊದಲು ಕಾಣುವುದು ಬರೀ ನೀಲಿ ಹೊಗೆಯಂಥ ಆಳ; ಆಮೇಲೆ ಶಿಖರದ ತುದಿಯೊಂದಕ್ಕೆ ಬೆಳಕು ತಾಗಿ ಇಟ್ಟಿಗೆಯ ಕೆಂಪು ಮೂಡುತ್ತದೆ, ಅದರಡಿಯ ಪದರ ಇನ್ನೂ ನೇರಳೆಯಾಗಿಯೇ ಇರುತ್ತದೆ, ಹೀಗೆ ಬಣ್ಣ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಅಲ್ಲಿದ್ದ ನೂರಾರು ಜನ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಗರ್ಭಗುಡಿಯ ಪರದೆ ಸರಿಯುವ ಹೊತ್ತಿನ ಮೌನವೇ ನನಗೆ ನೆನಪಾಯಿತು.

ಅತ್ತೆಯವರಿಗೆ ಅಂಚಿನ ಉದ್ದಕ್ಕೂ ಸಮತಟ್ಟಾದ ದಾರಿಯಿದೆ, ಶುಲ್ಕವಿಲ್ಲದ ಬಸ್ಸೂ ಇದೆ. ಅಂಚು ಸುಮಾರು 2,100 ಮೀಟರ್ ಎತ್ತರದಲ್ಲಿರುವುದರಿಂದ ಬೇಗ ಆಯಾಸವಾಗುತ್ತದೆ, ಬೇಸಿಗೆಯಲ್ಲೂ ಬೆಳಗಿನ ಜಾವ ಶಾಲು ಬೇಕು. ನೀವಿಬ್ಬರು ಕೆಳಗಿಳಿಯುವ ಆಸೆಪಟ್ಟರೆ ಸ್ವಲ್ಪ ದೂರ ಹೋಗಿ ಮರಳಿ. ಇಳಿಯುವುದು ಸುಲಭ, ಹತ್ತುವುದು ಬಿಸಿಲಿನಲ್ಲಿ. ಒಂದೇ ದಿನದಲ್ಲಿ ನದಿ ಮುಟ್ಟಿ ಬರುವ ಸಾಹಸ ಬೇಡವೇ ಬೇಡ. ಎದುರಿಗೆ ಕಾಣುವ ಉತ್ತರ ಅಂಚು ಹಕ್ಕಿ ಹಾರುವ ಹಾದಿಯಲ್ಲಿ 16 ಕಿಲೋಮೀಟರ್, ರಸ್ತೆಯಲ್ಲಿ ಸುಮಾರು 340. ಮೈದುನ ಹುರುಪಿನಿಂದ ‘ಅದನ್ನೂ ನೋಡಿಬಿಡೋಣ’ ಎಂದರೆ ಈ ಲೆಕ್ಕ ಹೇಳಿ. ಕಮರಿಯೊಳಗೇ ಹವಾಸುಪೈ ಜನರ ಸುಪಾಯ್ ಎಂಬ ಹಳ್ಳಿಯಿದೆ. ರಸ್ತೆಯಿಲ್ಲದ ಆ ಊರಿಗೆ ಇಂದಿಗೂ ಟಪಾಲು ಹೇಸರಗತ್ತೆಯ ಮೇಲೆ ಹೋಗುತ್ತದೆ. ಉದ್ಯಾನ ಘೋಷಣೆಯಾದದ್ದು 1919ರಲ್ಲಿ. ಅವರ ಪೂರ್ವಜರು ಶತಮಾನಗಳಿಂದ ಅಲ್ಲಿದ್ದವರು. ‘ನಿರ್ಜನ ಪ್ರಕೃತಿ’ ಎಂದು ಅಲ್ಲಿ ಯಾರಾದರೂ ವರ್ಣಿಸಿದಾಗ ಇದನ್ನು ನೆನಪಿಡಿ.

ಪ್ರಶ್ನೆ: ಮಡಗಾಂವಿನ ಹೋಟೆಲಿನಲ್ಲಿ ಬಡಿಸುವ ಕೆಲಸ ನನ್ನದು. ಅಮೆರಿಕ ನೋಡಿ ಬಂದ ನಮ್ಮ ಅಣ್ಣ, ಅಲ್ಲಿ ಟಿಪ್ಸ್ ಕೊಡದಿದ್ದರೆ ಅವಮಾನ ಎನ್ನುತ್ತಾನೆ. ಇಲ್ಲಿ ಕೊಟ್ಟರೆ ಸಂತೋಷ, ಕೊಡದಿದ್ದರೂ ನಾವು ಬೇಸರಿಸುವುದಿಲ್ಲ. ಅಲ್ಲಿ ಏಕೆ ಹಾಗೆ?
— ಓದುಗರು, ಮಡಗಾಂವ್, ಗೋವೆ

ಉತ್ತರ: ಏಕೆಂದರೆ ಅಲ್ಲಿ ಅದು ಸಂಬಳದ ಭಾಗ. ಕೇಂದ್ರದ ಕಾನೂನಿನಂತೆ ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅದು ಬದಲಾಗಿಲ್ಲ. ಟಿಪ್ಸ್ ಸೇರಿಯೂ ಸಾಮಾನ್ಯ ಕನಿಷ್ಠ ಕೂಲಿಯಾದ 7.25 ಡಾಲರ್ ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕರು ತುಂಬಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಪೂರ್ಣ ಕೂಲಿ ಕೊಡಲೇಬೇಕು. ಮೇಜಿಗೆ ಬಡಿಸುವ ಕಡೆ ಬಿಲ್ಲಿನ ಶೇಕಡ 15ರಿಂದ 20 ಕೊಡುವುದು ವಾಡಿಕೆ. ಇದು ನ್ಯಾಯವಾದ ಪದ್ಧತಿಯೆಂದು ನನಗೆ ಅನ್ನಿಸುವುದಿಲ್ಲ, ಬಡಿಸುವವರ ಕೂಲಿ ಉಣ್ಣುವವರ ಮನಸ್ಸಿನ ಮೇಲೆ ನಿಲ್ಲಬಾರದು. ಆದರೆ ನಮ್ಮ ಆ ಅಭಿಪ್ರಾಯದ ಬೆಲೆಯನ್ನು ಬಡಿಸಿದವರ ಕೈಯಿಂದ ಕಿತ್ತುಕೊಳ್ಳುವುದೂ ಸರಿಯಲ್ಲ. ಅಣ್ಣ ಹೇಳಿದ್ದು ಸರಿ.

ಪ್ರಶ್ನೆ: ಆಗಸ್ಟಿನಲ್ಲಿ ಉನ್ನತ ವ್ಯಾಸಂಗಕ್ಕೆ ಫಿಲಡೆಲ್ಫಿಯಾಕ್ಕೆ ಹೊರಟಿದ್ದೇನೆ. ನಮ್ಮ ಮನೆಯಿಂದ ಹೊರದೇಶಕ್ಕೆ ಹೋಗುವವಳು ನಾನೇ ಮೊದಲು. ಮೊದಲ ರಜೆಯಲ್ಲಿ ಎಲ್ಲಿಗೆ ಹೋಗಲಿ?
— ವಿದ್ಯಾರ್ಥಿನಿ, ಕಲ್ಯಾಣ

ಉತ್ತರ: ಮಗಳೇ, ನಿನ್ನ ಊರಿನ ಹೆಸರು ಓದಿದ ಕೂಡಲೇ ನನಗೆ ಉತ್ತರ ಹೊಳೆಯಿತು. 1865ರಲ್ಲಿ ಕಲ್ಯಾಣದಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ 1883ರಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿ ನೀನು ಹೋಗುತ್ತಿರುವ ಫಿಲಡೆಲ್ಫಿಯಾಕ್ಕೇ ಹೋದಳು; 1886ರಲ್ಲಿ ಅಲ್ಲಿಯ ಮಹಿಳಾ ವೈದ್ಯಕೀಯ ಕಾಲೇಜಿನಿಂದ ವೈದ್ಯಳಾಗಿ ಹೊರಬಂದಳು. ಆ ಪದವಿ ಪ್ರದಾನ ನೋಡಲು ಸಮುದ್ರ ದಾಟಿ ಹೋದ ಪಂಡಿತಾ ರಮಾಬಾಯಿ ಅಮೆರಿಕವನ್ನು ಸುತ್ತಿ, ತಾನು ಕಂಡದ್ದನ್ನು 1889ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದಳು. ಆನಂದಿಬಾಯಿ ಊರಿಗೆ ಮರಳಿದರೂ ಕ್ಷಯದಿಂದ 1887ರಲ್ಲಿ ಪುಣೆಯಲ್ಲಿ ತೀರಿಕೊಂಡಳು. ಆಗ ಅವಳಿಗೆ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಅಮೆರಿಕದಲ್ಲಿ ಅವಳನ್ನು ಮನೆಮಗಳಂತೆ ಇಟ್ಟುಕೊಂಡಿದ್ದ ಕಾರ್ಪೆಂಟರ್ ಕುಟುಂಬಕ್ಕೆ ಅವಳ ಚಿತಾಭಸ್ಮವನ್ನು ಕಳುಹಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಊರಿನ ಸ್ಮಶಾನದಲ್ಲಿ, ಆ ಕುಟುಂಬದ ಜಾಗದಲ್ಲಿ ಅವಳ ಹೆಸರಿನ ಕಲ್ಲಿದೆ.

ಅಕ್ಟೋಬರಿನ ನಡುವಿನಲ್ಲಿ ಎರಡು ದಿನ ರಜೆ ಸಿಕ್ಕಿದರೆ ಅಲ್ಲಿಗೆ ಹೋಗಿ ಬಾ. ಆ ಹೊತ್ತಿಗೆ ಹಗಲು ಕಿರಿದಾಗಿ, ಎಲೆಗಳಲ್ಲಿಯ ಹಸಿರು ಕರಗಿ, ಮೊದಲೇ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಮೇಪಲ್‌ನಂಥ ಕೆಲವು ಮರಗಳು ಹೊಸದಾಗಿ ಕೆಂಪನ್ನೂ ತಯಾರಿಸಿಕೊಳ್ಳುತ್ತವೆ. ಮಳೆಗಾಲದ ಮಾಳಶೇಜ್ ಘಾಟಿನ ಹಸಿರನ್ನೇ ಸೊಬಗೆಂದು ತಿಳಿದು ಬೆಳೆದ ಕಣ್ಣಿಗೆ ಅದು ಬೇರೆಯೇ ಲೋಕ. ಫಿಲಡೆಲ್ಫಿಯಾದಿಂದ ನ್ಯೂಯಾರ್ಕಿಗೆ ರೈಲಿದೆ. ಅಲ್ಲಿ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣಕ್ಕೆ ಹೋಗಿ ಹಡ್ಸನ್ ಮಾರ್ಗದ ಲೋಕಲ್ ಹಿಡಿದರೆ ಸುಮಾರು ಎರಡು ಗಂಟೆಯಲ್ಲಿ ಕೊನೆಯ ನಿಲ್ದಾಣವೇ ಪೊಕಿಪ್ಸಿ. ದಾರಿಯುದ್ದಕ್ಕೂ ನದಿ ರೈಲಿನ ಪಕ್ಕದಲ್ಲೇ ಬರುತ್ತದೆ. ಹೋಗುವಾಗ ಎಡಗಡೆಯ ಕಿಟಕಿ ಹಿಡಿ, ಬರುವಾಗ ಬಲಗಡೆಯದು.